ಸಂಘದ ಸರ್ವರಿಗೆ ಎರಡು ಪವರ್ ಸಪ್ಲೈ ಏಕೆ? ಒಂದು ಕೆಟ್ಟಿರುವುದು ತಿಳಿಯುವುದು ಹೇಗೆ?

ಸರ್ವರ್ ಎಂದರೆ ನಮ್ಮ ಕಾಲದವರಿಗೆ ಹೋಟೆಲಿನಲ್ಲಿ ಕಾಫಿ ತಂದುಕೊಡುವ ಹುಡುಗ. ಈಗ ಆ ಮಾತಿನ ಅರ್ಥವೇ ಬೇರೆಯಾಗಿದೆ. ಪಹಣಿಗೆ ಹೋದರೂ, ಪಡಿತರಕ್ಕೆ ಹೋದರೂ, ನೋಂದಣಿ ಕಚೇರಿಗೆ ಹೋದರೂ, ಕಡೆಗೆ ನಮ್ಮದೇ ಸಹಕಾರ ಸಂಘದ ಮೆಟ್ಟಿಲು ಹತ್ತಿದರೂ “ಸರ್ವರ್ ಇಲ್ಲ, ನಾಳೆ ಬನ್ನಿ” ಎಂಬ ಮಾತನ್ನು ಕೇಳದ ಬೆಳೆಗಾರರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಯಾರೂ ಇರಲಾರರು. ಕೈಬರಹದ ಪಹಣಿ ಹೋಗಿ ಭೂಮಿ ಯೋಜನೆಯ ಪಹಣಿ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕವೂ ಗಣಕಯಂತ್ರಕ್ಕೆ ಏರುತ್ತಿದೆ. ದೇಶದ 63,000 ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಗಣಕೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಆ ಯೋಜನೆಯ ಲೆಕ್ಕಗಳು ದೂರದ ದೊಡ್ಡ ಯಂತ್ರಗಳಲ್ಲಿ ಇರುತ್ತವೆ. ಆದರೆ ಅಡಿಕೆ ದಾಸ್ತಾನು, ಲಾಟು, ಟೆಂಡರು, ಮುಂಗಡ ಸಾಲ ಇವನ್ನು ನಡೆಸುವ ಸಂಘಗಳು ತಮ್ಮ ಕಚೇರಿಯ ಒಂದು ಮೂಲೆಯಲ್ಲಿಯೇ ಸ್ವಂತದ ಸರ್ವರನ್ನು ಇಟ್ಟುಕೊಂಡಿರುವುದೂ ಉಂಟು. ಈ ಲೇಖನ ಆ ಮೂಲೆಯಲ್ಲಿರುವ ಯಂತ್ರದ ಬಗ್ಗೆ, ಅದರಲ್ಲಿಯೂ ಅದರ ಬೆನ್ನಿನ ಕಡೆ ಇರುವ ಎರಡು ವಿದ್ಯುತ್ ಪೆಟ್ಟಿಗೆಗಳ ಬಗ್ಗೆ.

ಇದನ್ನು ಬರೆಯಲು ಕಾರಣವಾದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಭಾಗದ ಒಂದು ಸಂಘದಲ್ಲಿ ಬೆಳೆ ಸಾಲ ಕಟ್ಟಲು ಕಡೆಯ ದಿನ. ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಶೂನ್ಯ ಬಡ್ಡಿ; ಒಂದು ದಿನ ತಪ್ಪಿದರೂ ರಿಯಾಯಿತಿ ಹೋಯಿತೆಂದೇ ಲೆಕ್ಕ. ಅಡಿಕೆ ಮಾರಿ ಹಣ ಹೊಂದಿಸಿಕೊಂಡು ಬಂದವರು, ಮೈಕ್ರೋ ಫೈನಾನ್ಸಿನಿಂದ ಕೈಸಾಲ ತಂದವರು, ಮಗಳ ಸರ ಗಿರವಿ ಇಟ್ಟು ಬಂದವರು, ಹೀಗೆ ನಲವತ್ತು ಜನ ಸಾಲಿನಲ್ಲಿ ನಿಂತಿದ್ದರು. ನಾನೂ ಇದ್ದೆ. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಗುಮಾಸ್ತರ ಮುಂದಿನ ಪರದೆಗಳೆಲ್ಲ ಒಮ್ಮೆಗೇ ನಿಂತವು. ಕರೆಂಟು ಇತ್ತು, ಫ್ಯಾನು ತಿರುಗುತ್ತಿತ್ತು, ಸರ್ವರ್ ಮಾತ್ರ ಸತ್ತಿತ್ತು. ಕಾರ್ಯದರ್ಶಿಯವರು ಪಾಪ, “ಎರಡು ಪವರ್ ಸಪ್ಲೈ ಇರೋ ಮೆಷೀನು, ಹೆಚ್ಚಿಗೆ ದುಡ್ಡು ಕೊಟ್ಟು ತಂದದ್ದು, ಹೀಗಾಗೋಕೆ ಸಾಧ್ಯವೇ ಇಲ್ಲ” ಎಂದು ಹೇಳುತ್ತಲೇ ಇದ್ದರು.

ಸಂಜೆ ರಿಪೇರಿಯ ಹುಡುಗ ಬಂದು ಯಂತ್ರವನ್ನು ಗೋಡೆಯಿಂದ ಈಚೆಗೆ ಎಳೆದು ನೋಡಿದ. “ಯಜಮಾನ್ರೆ, ಇದು ಇವತ್ತು ಕೆಟ್ಟಿದ್ದಲ್ಲ. ಒಂದು ಸಪ್ಲೈ ಹೋಗಿ ನಾಲ್ಕು ತಿಂಗಳಾಗಿದೆ. ಮೆಷೀನೇ ತಾರೀಖು ಸಮೇತ ಬರೆದಿಟ್ಟಿದೆ, ಯಾರೂ ಓದಿಲ್ಲ ಅಷ್ಟೆ” ಎಂದ. ಮತ್ತೆ ಇವತ್ತು ಏನಾಯಿತಪ್ಪಾ ಎಂದು ಕೇಳಿದರೆ, ಎರಡೂ ಪೆಟ್ಟಿಗೆಗಳ ವೈರನ್ನು ಸಿಕ್ಕಿಸಿದ್ದ ಒಂದೇ ಎಕ್ಸ್‌ಟೆನ್ಷನ್ ಬೋರ್ಡನ್ನು ಎತ್ತಿ ತೋರಿಸಿದ. ಅದರ ಒಂದು ಸಾಕೆಟ್ಟು ಸಡಿಲವಾಗಿ, ಕಾದು, ಕರಗಿಹೋಗಿತ್ತು. ನಾಲ್ಕು ತಿಂಗಳಿಂದ ಆ ಯಂತ್ರ ಒಂದೇ ಕಾಲಿನ ಮೇಲೆ ನಿಂತಿತ್ತು. ಇನ್ನೂರು ರೂಪಾಯಿಯ ಬೋರ್ಡು ಆ ಕಾಲನ್ನೂ ಎಳೆದುಹಾಕಿತು. ಆ ರಾತ್ರಿ ಹತ್ತು ಗಂಟೆಯವರೆಗೆ ಕಾರ್ಯದರ್ಶಿಯವರು ಕೈಬರಹದ ರಸೀದಿಗೆ ತಾರೀಖು ಹಾಕಿ ಹಣ ತೆಗೆದುಕೊಂಡರು. ಅದನ್ನು ಒಪ್ಪಿಸುವುದಕ್ಕೆ ಅವರು ಆಮೇಲೆ ಪಟ್ಟ ಪಾಡು ಬೇರೆಯೇ ಕಥೆ.

ಪವರ್ ಸಪ್ಲೈ ಎಂದರೇನು? ನಮ್ಮ ಗೋಡೆಯ ಸಾಕೆಟ್ಟಿಗೆ ಬರುವುದು 230 ವೋಲ್ಟಿನ ಎ.ಸಿ. ಕರೆಂಟು. ಸರ್ವರಿನ ಒಳಗಿನ ಭಾಗಗಳಿಗೆ ಬೇಕಾದುದು ಮುಖ್ಯವಾಗಿ 12 ವೋಲ್ಟಿನ ಡಿ.ಸಿ. ಇದನ್ನು ಅದಾಗಿ ಮಾಡಿಕೊಡುವ ಪೆಟ್ಟಿಗೆಯೇ ಪವರ್ ಸಪ್ಲೈ. ಅದರೊಳಗೆ ಸದಾ ತಿರುಗುವ ಪುಟ್ಟ ಫ್ಯಾನು, ಸದಾ ಕಾಯುವ ಭಾಗಗಳು ಇರುವುದರಿಂದ ಯಂತ್ರದಲ್ಲಿ ಬೇಗ ಕೆಡುವ ಭಾಗಗಳಲ್ಲಿ ಅದೂ ಒಂದು. ಆದುದರಿಂದ ಸರ್ವರಿನಲ್ಲಿ ಎರಡನ್ನು ಇಟ್ಟಿರುತ್ತಾರೆ. ಮನೆಯ ಗಣಕಯಂತ್ರದಲ್ಲಿ ಸಾಮಾನ್ಯವಾಗಿ ಒಂದೇ ಇರುವುದು.

ಒಂದು ಕೆಲಸ ಮಾಡುತ್ತಿರುತ್ತದೆ, ಇನ್ನೊಂದು ಸ್ಟೆಪ್ನಿ ಟೈರಿನ ಹಾಗೆ ಸುಮ್ಮನೆ ಇರುತ್ತದೆ ಎಂದು ಬಹಳ ಜನ ತಿಳಿದಿರುತ್ತಾರೆ. ಸಾಮಾನ್ಯವಾಗಿ ಹಾಗಲ್ಲ. ಒಂದು ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ ಎರಡೂ ಸೇರಿ ಭಾರ ಎಳೆಯುತ್ತಿರುತ್ತವೆ. ಒಂದು ಬಿದ್ದರೆ ಇನ್ನೊಂದು ಆ ಕ್ಷಣದಲ್ಲಿಯೇ ಪೂರ್ತಿ ಭಾರ ಹೊರುತ್ತದೆ. ಕೆಲಸ ಮಾಡುತ್ತಿರುವ ಗುಮಾಸ್ತರಿಗೆ ಗೊತ್ತೂ ಆಗುವುದಿಲ್ಲ. ಈ ಗೊತ್ತಾಗದಿರುವುದೇ ಅದರ ಗುಣ, ಅದೇ ಅದರ ದೋಷ. ಎತ್ತು ಮುಗ್ಗರಿಸಿದರೆ ಗಾಡಿ ವಾಲುತ್ತದೆ, ಹೊಡೆಯುವವನು ಇಳಿದು ನೋಡುತ್ತಾನೆ. ಇಲ್ಲಿ ಗಾಡಿ ವಾಲುವುದೇ ಇಲ್ಲ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ತಲಾ 500 ವ್ಯಾಟಿನ ಎರಡು ಸಪ್ಲೈ ಇವೆ ಎಂದಿಟ್ಟುಕೊಳ್ಳಿ. ಯಂತ್ರ ಎಳೆಯುವುದು 300 ವ್ಯಾಟು. ತಲಾ 150 ಹೊರುತ್ತವೆ. ಒಂದು ಸತ್ತರೆ ಇನ್ನೊಂದಕ್ಕೆ 300 ಬೀಳುತ್ತದೆ, ತೊಂದರೆ ಇಲ್ಲ. ಮುಂದಿನ ವರ್ಷ ಇನ್ನಷ್ಟು ಡಿಸ್ಕು, ಇನ್ನೊಂದು ಪ್ರೊಸೆಸರ್ ಸೇರಿಸಿ ಎಳೆತ 560 ವ್ಯಾಟಿಗೆ ಏರಿತು. ಈಗಲೂ ತಲಾ 280 ಮಾತ್ರ. ಎರಡೂ ದೀಪ ಹಸಿರಾಗಿಯೇ ಇವೆ. ಆದರೆ ಒಂದು ಸತ್ತ ಕ್ಷಣ ಇನ್ನೊಂದರ ಮೇಲೆ 560 ಬೀಳುತ್ತದೆ, ಅದರ ಶಕ್ತಿ 500, ಅದೂ ಕೈಚೆಲ್ಲುತ್ತದೆ. ಕೆಲವು ಯಂತ್ರಗಳು ವೇಗ ತಗ್ಗಿಸಿಕೊಂಡು ಹೇಗೋ ಬದುಕುತ್ತವೆ, ನಿಜ. ಅದನ್ನೇ ನಂಬಿ ಕೂರುವುದು ಸರಿಯಲ್ಲ. ಅಂದರೆ ಎರಡೂ ಸೇರಿ ಹೊರಬಲ್ಲವೇ ಎಂದು ಕೇಳಿ ಪ್ರಯೋಜನವಿಲ್ಲ, ಒಂದೇ ಹೊರಬಲ್ಲದೇ ಎಂದು ಕೇಳಬೇಕು. ಎರಡು ಯುಪಿಎಸ್ ಇಟ್ಟುಕೊಂಡವರಿಗೂ ಇದೇ ಲೆಕ್ಕ. ಪ್ರತಿಯೊಂದರ ಮುಖದ ಮೇಲೆ ಶೇಕಡಾ 60 ಎಂದು ತೋರಿಸುತ್ತಿದ್ದರೆ ಧಾರಾಳವಾಗಿದೆ ಎಂದುಕೊಳ್ಳುತ್ತೇವೆ. ಒಂದು ನಿಂತರೆ ಇನ್ನೊಂದಕ್ಕೆ 120 ಆಗುತ್ತದೆ. 40ರ ಒಳಗೆ ಇರುವುದು ಕ್ಷೇಮ.

ಇನ್ನು ಮೂಲದ ವಿಷಯ. ಹಿರಿಯೂರು ಭಾಗದ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ಬಂದ ಬರದ ವರ್ಷಗಳಲ್ಲಿ ನಾಲೆಯೂ ಉಂಟು, ಬೋರೂ ಉಂಟು ಎಂದು ಧೈರ್ಯವಾಗಿದ್ದವರು ಏನು ಕಂಡರು? ಜಲಾಶಯ ತಳ ಕಂಡಾಗ ನಾಲೆ ನಿಂತಿತು. ನಾಲೆಯಿಂದ ಇಂಗುತ್ತಿದ್ದ ನೀರು ನಿಂತದ್ದರಿಂದ ಪಕ್ಕದ ಬೋರೂ ಬತ್ತಿತು. ಎರಡು ಆಸರೆ ಎಂದುಕೊಂಡದ್ದು ಒಂದೇ ಆಗಿತ್ತು. ಎರಡು ಬೋರು ಕೊರೆಸಿ ಎರಡನ್ನೂ ಒಂದೇ ಟಿ.ಸಿ.ಗೆ ಕೊಟ್ಟವರ ಕಥೆಯೂ ಅದೇ: ಟಿ.ಸಿ. ಸುಟ್ಟ ದಿನ ಎರಡೂ ಮೋಟಾರು ಒಂದೇ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಶರಾವತಿ ವಿದ್ಯುದಾಗಾರದಲ್ಲಿ 10 ಘಟಕಗಳು, ಒಟ್ಟು 1,035 ಮೆಗಾವ್ಯಾಟು. ಒಂದು ಕೆಟ್ಟರೆ ಒಂಬತ್ತು ಇವೆ ಎನ್ನಬಹುದು. 2016ರ ಫೆಬ್ರವರಿಯಲ್ಲಿ ಅಲ್ಲಿ ಬೆಂಕಿ ಅನಾಹುತವಾದಾಗ ಹತ್ತೂ ಘಟಕಗಳು ನಿಂತುಹೋದವು. ಇದಕ್ಕೆ ಎದುರಾದ ನಿದರ್ಶನವೂ ಉಂಟು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲ ಕುಸಿದು ಕೋಟಿಗಟ್ಟಲೆ ಜನ ಕತ್ತಲಲ್ಲಿ ಕುಳಿತಾಗ ನಮ್ಮ ಕಡೆ ದೀಪ ಆರಲಿಲ್ಲ; ಏಕೆಂದರೆ ದಕ್ಷಿಣದ ಜಾಲ ಆಗ ಬೇರೆಯಾಗಿಯೇ ನಡೆಯುತ್ತಿತ್ತು. ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ಅದು ದೇಶದ ಜಾಲದೊಡನೆ ಒಂದಾದದ್ದು 2013ರ ಡಿಸೆಂಬರ್ 31ರಂದು. ಒಂದಾದದ್ದರಿಂದ ಲಾಭ ಬಹಳ ಇದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಮೂಲ ಬೇರೆಯಾಗಿದ್ದರೆ ಏನಾಗುತ್ತದೆ ಎಂಬುದಕ್ಕಷ್ಟೇ ಈ ಮಾತು.

ಹಾಗಾದರೆ ನಮ್ಮ ಸಂಘದ ಎರಡು ವೈರನ್ನು ಎಲ್ಲಿಗೆ ಸಿಕ್ಕಿಸಬೇಕು? ಒಂದೇ ಬೋರ್ಡಿಗೆ ಖಂಡಿತ ಬೇಡ. ಒಂದೇ ಯುಪಿಎಸ್ಸಿಗೆ ಎರಡನ್ನೂ ಕೊಡುವುದೂ ಅರ್ಧ ಕೆಲಸ. ಯುಪಿಎಸ್ ಕೆಟ್ಟರೆ ಗೋಡೆಯಲ್ಲಿ ಒಳ್ಳೆಯ ಕರೆಂಟು ಇದ್ದರೂ ಯಂತ್ರ ನಿಲ್ಲುತ್ತದೆ. ಎರಡು ಯುಪಿಎಸ್ ಇದ್ದರೆ ಒಂದೊಂದಕ್ಕೆ ಒಂದು, ಅವುಗಳಿಗೆ ಬೇರೆ ಬೇರೆ ಎಂಸಿಬಿಯಿಂದ ಬರುವ ಸಾಕೆಟ್ಟು. ಸಣ್ಣ ಸಂಘಕ್ಕೆ ಎರಡು ಯುಪಿಎಸ್ ಭಾರವಾದರೆ, ಒಂದು ವೈರು ಯುಪಿಎಸ್ಸಿಗೆ, ಇನ್ನೊಂದು ಒಳ್ಳೆಯ ಸ್ಟೆಬಿಲೈಸರ್ ಮೂಲಕ ನೇರ ಲೈನಿಗೆ. ಕರೆಂಟು ಹೋದರೆ ಯುಪಿಎಸ್ ಹೊರುತ್ತದೆ. ಯುಪಿಎಸ್ ಕೆಟ್ಟರೆ ಲೈನು ಹೊರುತ್ತದೆ. ಸ್ಟೆಬಿಲೈಸರ್ ಇಲ್ಲದೆ ನೇರವಾಗಿ ಲೈನಿಗೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಹಳ್ಳಿಯ ಲೈನಿನಲ್ಲಿ ನ್ಯೂಟ್ರಲ್ ತಂತಿ ಹರಿದರೆ 230 ಇರಬೇಕಾದ ಕಡೆ 400 ವೋಲ್ಟಿನವರೆಗೂ ಬರಬಹುದು. ಒಂದು ಬೀದಿಯ ಟಿ.ವಿ., ಫ್ರಿಜ್ಜುಗಳೆಲ್ಲ ಒಂದೇ ಸಂಜೆ ಸುಟ್ಟದ್ದನ್ನು ತಾವೂ ನೋಡಿರುತ್ತೀರಿ. ವೋಲ್ಟು ಮೇಲೇರಿದಾಗ ತಾನೇ ಕಡಿದುಕೊಳ್ಳುವ ಸ್ಟೆಬಿಲೈಸರನ್ನೇ ಕೇಳಿ ಕೊಳ್ಳಬೇಕು.

ಮನೆಗೆ ಹಾಕುವ ಅಗ್ಗದ ಇನ್ವರ್ಟರನ್ನು ಸರ್ವರಿಗೆ ಕೊಡಬಾರದು. ಕರೆಂಟು ಹೋಗಿ ಬ್ಯಾಟರಿಗೆ ಬದಲಾಗುವಾಗ ಒಂದು ಕ್ಷಣದ ಬಿಡುವು ಇರುತ್ತದೆ. ಸರ್ವರಿನ ಸಪ್ಲೈ ತಡೆದುಕೊಳ್ಳುವುದು ಸೆಕೆಂಡಿನ ನೂರು ಭಾಗದಲ್ಲಿ ಒಂದೋ ಎರಡೋ ಭಾಗದಷ್ಟು ಹೊತ್ತು ಮಾತ್ರ. ಆನ್‌ಲೈನ್ ಎಂಬ ಜಾತಿಯ ಯುಪಿಎಸ್ಸಿನಲ್ಲಿ ಈ ಬಿಡುವೇ ಇರುವುದಿಲ್ಲ.

ಈಗ ಕೆಟ್ಟಾಗ ಮಾಡಬೇಕಾದ ಕೆಲಸ. ಯಂತ್ರದ ಹಿಂಭಾಗದಲ್ಲಿ ಪ್ರತಿ ಸಪ್ಲೈಗೂ ಒಂದು ಪುಟ್ಟ ದೀಪ ಇರುತ್ತದೆ. ಹೆಚ್ಚಿನ ತಯಾರಕರಲ್ಲಿ ನಿಂತು ಉರಿಯುವ ಹಸಿರು ಎಂದರೆ ಕ್ಷೇಮ. ಕಿತ್ತಳೆ ಬಣ್ಣದಲ್ಲಿ ಮಿನುಗಿದರೆ ದೋಷ. ದೀಪವೇ ಇಲ್ಲದಿದ್ದರೆ ಕರೆಂಟು ತಲುಪುತ್ತಿಲ್ಲ ಅಥವಾ ಪೆಟ್ಟಿಗೆ ಪೂರ್ತಿ ಸತ್ತಿದೆ. ತಯಾರಕರಿಂದ ತಯಾರಕರಿಗೆ ವ್ಯತ್ಯಾಸವಿರುವುದರಿಂದ ಯಂತ್ರದ ಜೊತೆ ಬಂದ ಪುಸ್ತಕದ ಆ ಒಂದು ಪುಟವನ್ನು ಜೆರಾಕ್ಸ್ ಮಾಡಿಸಿ ಗೋಡೆಗೆ ಅಂಟಿಸುವುದು ಒಳ್ಳೆಯದು.

ಮೊದಲನೆಯ ಎಚ್ಚರಿಕೆ: ಹಸಿರು ದೀಪದ ಪೆಟ್ಟಿಗೆಯನ್ನು ಮುಟ್ಟಬೇಡಿ. ಯಂತ್ರ ಈಗ ಅದೊಂದರ ಮೇಲೆಯೇ ನಿಂತಿದೆ. ಗಾಬರಿಯಲ್ಲಿ ಎಡ ಬಲ ತಪ್ಪಿ ಒಳ್ಳೆಯದನ್ನು ಎಳೆದು, ಕೆಟ್ಟದ್ದನ್ನು ಅಲ್ಲೇ ಉಳಿಸಿ ಯಂತ್ರ ನಿಲ್ಲಿಸಿದವರು ಎಲ್ಲ ಕಡೆಯೂ ಇದ್ದಾರೆ, ಕಲಿತ ಎಂಜಿನಿಯರುಗಳೂ ಸೇರಿ. ಒಂದು ವೈರಿಗೆ ಕೆಂಪು ಟೇಪು, ಇನ್ನೊಂದಕ್ಕೆ ನೀಲಿ ಟೇಪು ಎರಡೂ ತುದಿಗೆ ಸುತ್ತಿಟ್ಟರೆ ಈ ತಪ್ಪು ಆಗುವುದಿಲ್ಲ.

ಎರಡನೆಯದಾಗಿ, ಕೆಟ್ಟ ಕಡೆಯ ವೈರನ್ನು ಕಿತ್ತು ಅದೇ ಸಾಕೆಟ್ಟಿಗೆ ಒಂದು ಟೇಬಲ್ ದೀಪ ಹಾಕಿ ನೋಡಿ. ದೀಪ ಹತ್ತದಿದ್ದರೆ ತಪ್ಪು ಯಂತ್ರದ್ದಲ್ಲ, ಸಾಕೆಟ್ಟಿನದು, ಎಂಸಿಬಿಯದು ಅಥವಾ ಯುಪಿಎಸ್ಸಿನದು. ದೀಪ ಹತ್ತಿದರೆ ಬೇರೊಂದು ವೈರು ಹಾಕಿ ನೋಡಿ. ಬೇರೆ ವೈರು ಎಂದರೆ ಕಪಾಟಿನಲ್ಲಿರುವ ಹೊಸದು. ಒಳ್ಳೆಯ ಪೆಟ್ಟಿಗೆಯ ವೈರನ್ನು ಕಿತ್ತು ತಂದು ಪರೀಕ್ಷೆ ಮಾಡುವವರಿಗೆ ಮೇಲಿನ ಎಚ್ಚರಿಕೆಯನ್ನು ಮತ್ತೆ ಓದಲು ಹೇಳುತ್ತೇನೆ.

ಇದಾವುದರಿಂದಲೂ ಸರಿಹೋಗದಿದ್ದರೆ ಕೆಟ್ಟ ಪೆಟ್ಟಿಗೆಯ ವೈರು ತೆಗೆದು, ಪಕ್ಕದ ಗಿಲಕಿ ಒತ್ತಿ ಹೊರಗೆಳೆಯಬೇಕು. ಸರ್ವರ್ ನಡೆಯುತ್ತಿರುವಾಗಲೇ ತೆಗೆಯುವಂತೆ ಇದನ್ನು ಮಾಡಿರುತ್ತಾರೆ, ಹೆದರಬೇಕಾಗಿಲ್ಲ. ಫ್ಯಾನು ಬೆರಳಿಗೆ ಸಲೀಸಾಗಿ ತಿರುಗುತ್ತದೆಯೇ, ಸುಟ್ಟ ವಾಸನೆ ಇದೆಯೇ, ಒಳಗೆ ಇರುವೆ ಸೇರಿದೆಯೇ ನೋಡಿ, ದೂಳನ್ನು ಒಣ ಬ್ರಶ್ಶಿನಿಂದ ತೆಗೆದು, ಒಂದು ನಿಮಿಷ ಬಿಟ್ಟು, ಟಕ್ ಎನ್ನುವವರೆಗೆ ಒಳಗೆ ತಳ್ಳಿ, ಆಮೇಲೆ ವೈರು ಕೊಡಿ. ಸರಿಯಾಗಿ ಕೂರದೇ ಇರುವುದೇ ಎಷ್ಟೋ ಸಲ ದೋಷವಾಗಿರುತ್ತದೆ. ಆದರೆ ಪೆಟ್ಟಿಗೆಯ ಸ್ಕ್ರೂ ಬಿಚ್ಚಿ ಒಳಗೆ ಕೈ ಹಾಕಬಾರದು. ವೈರು ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರಿನಲ್ಲಿ 400 ವೋಲ್ಟಿನಷ್ಟು ಉಳಿದಿರಬಹುದು. ಊರಿನ ರೇಡಿಯೋ ರಿಪೇರಿಯವರಿಗೆ ಕೊಡುವ ಸಾಮಾನು ಇದಲ್ಲ.

ಹೊಸದು ತರಿಸುವಾಗ ಅದೇ ವ್ಯಾಟು, ಅದೇ ನಂಬರಿನದು ಇರಬೇಕು. 750 ವ್ಯಾಟಿನದಿದ್ದ ಕಡೆ 1100ರದು ಸಿಕ್ಕಿತೆಂದು ಹಾಕಿದರೆ ಬಹಳಷ್ಟು ಯಂತ್ರಗಳು ಜೋಡಿಯನ್ನು ಒಪ್ಪುವುದಿಲ್ಲ. ಎತ್ತಿನ ಜೊತೆಗೆ ಕೋಣ ಕಟ್ಟಿದ ಹಾಗೆ. ಸರಿಯಾದ ಹೊಸ ಪೆಟ್ಟಿಗೆ ಹಾಕಿದ ಮೇಲೂ ಕಿತ್ತಳೆ ದೀಪವೇ ಬಂದರೆ ದೋಷ ಪೆಟ್ಟಿಗೆಯದಲ್ಲ, ಅದು ಕೂರುವ ಗೂಡಿನದು. ಆಗ ಲೆಕ್ಕದ ಪ್ರತಿ ತೆಗೆದಿಟ್ಟು, ಕಚೇರಿ ಮುಗಿದ ಮೇಲೆ ಯಂತ್ರವನ್ನು ಕ್ರಮವಾಗಿ ನಿಲ್ಲಿಸಿ, ಬಲ್ಲವರಿಂದ ಬಿಚ್ಚಿಸಬೇಕು.

ಇನ್ನೊಂದು ಬಗೆಯ ತೊಂದರೆ ಇದೆ, ಬಂದು ಹೋಗುವಂಥದು. ಸಂಘದ ಯಂತ್ರ ವಾರಕ್ಕೆ ಎರಡು ಮೂರು ಸಲ ತಾನಾಗಿ ನಿಂತು ಮತ್ತೆ ಹೊರಡುತ್ತದೆ. ರಿಪೇರಿಯವರು ಬಂದಾಗ ಎಲ್ಲ ಸರಿ ಇರುತ್ತದೆ. ಇಂಥದರಲ್ಲಿ ಯಂತ್ರ ಬರೆದಿಟ್ಟ ದಿನಚರಿ ಬಹಳ ಉಪಯುಕ್ತ. ಯಾವ ಸಪ್ಲೈ ಎಷ್ಟು ಗಂಟೆಗೆ ಕರೆಂಟು ಕಳೆದುಕೊಂಡಿತು, ಯಾವಾಗ ಜೋಡಿ ಮುರಿಯಿತು ಎಲ್ಲವೂ ಅದರಲ್ಲಿ ಇರುತ್ತದೆ. ಆ ವೇಳೆಯನ್ನು ಬೆಸ್ಕಾಂನವರು ಪಂಪ್‌ಸೆಟ್ಟಿಗೆ ಮೂರು ಫೇಸು ಕೊಡುವ ಪಾಳಿಯ ವೇಳೆಯ ಪಕ್ಕದಲ್ಲಿಟ್ಟು ನೋಡಿ. ಮೂರು ಫೇಸು ಬಂದ ಕೂಡಲೆ ಫೀಡರಿನ ಉದ್ದಕ್ಕೂ ಆಟೋ ಸ್ಟಾರ್ಟರುಗಳು ಒಮ್ಮೆಗೇ ಮೋಟಾರು ಎತ್ತುತ್ತವೆ, ವೋಲ್ಟು ಕುಸಿಯುತ್ತದೆ. ಸರ್ವರಿನ ಸಪ್ಲೈ ಅದನ್ನು ತಡೆದುಕೊಳ್ಳುತ್ತದೆ. ಹೆಚ್ಚಿನವು 100ರಿಂದ 240 ವೋಲ್ಟಿನವರೆಗೆ ನಡೆಯುವಂಥವು. ತಡೆದುಕೊಳ್ಳದಿರುವುದು ಯುಪಿಎಸ್ಸು. ವೋಲ್ಟು ಇಳಿದಾಗಲೆಲ್ಲ ಅದು ಬ್ಯಾಟರಿಗೆ ಹಾರುತ್ತದೆ, ದಿನಕ್ಕೆ ಹತ್ತಾರು ಸಲ ಹಾರಿ ಬ್ಯಾಟರಿ ಬರಿದಾಗುತ್ತದೆ, ನಿಜವಾಗಿ ಕರೆಂಟು ಹೋದ ದಿನ ಎರಡು ನಿಮಿಷವೂ ನಿಲ್ಲುವುದಿಲ್ಲ. ಸಪ್ಲೈ ಬದಲಾಯಿಸಿ ಹಣ ಕಳೆದವರು, ಬದಲಾಯಿಸಬೇಕಾಗಿದ್ದುದು ಬ್ಯಾಟರಿಯನ್ನು ಎಂದು ಆಮೇಲೆ ತಿಳಿದುಕೊಳ್ಳುತ್ತಾರೆ.

ಬ್ಯಾಟರಿಗೆ ಶತ್ರು ಬಿಸಿಲು. ಮುಚ್ಚಿದ ಜಾತಿಯ ಬ್ಯಾಟರಿಯ ಆಯುಷ್ಯವನ್ನು 25 ಡಿಗ್ರಿ ಉಷ್ಣತೆಗೆ ಹೇಳಿರುತ್ತಾರೆ. ಅಲ್ಲಿಂದ ಸುಮಾರು 10 ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಬಯಲುಸೀಮೆಯ ಏಪ್ರಿಲ್ ತಿಂಗಳಲ್ಲಿ ಶೀಟು ಹೊದಿಸಿದ ಕೋಣೆಯ ಒಳಗೆ ಎಷ್ಟಿರುತ್ತದೆ ಎಂದು ಹೇಳಬೇಕಾಗಿಲ್ಲ. ನಾಲ್ಕು ವರ್ಷದ ಬ್ಯಾಟರಿ ಎರಡೇ ವರ್ಷಕ್ಕೆ ಕೈಕೊಟ್ಟಿತೆಂದು ಅಂಗಡಿಯವನ ಮೇಲೆ ಜಗಳಕ್ಕೆ ಹೋಗುವ ಮುನ್ನ ಕೋಣೆಯ ಗೋಡೆಗೆ ಒಂದು ಥರ್ಮಾಮೀಟರ್ ತೂಗುಹಾಕಿ.

ದೂಳಿನ ಮಾತು ಅಡಿಕೆ ಬೆಳೆಗಾರರ ಸಂಘಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಸುಲಿಯುವ ಯಂತ್ರ ನಡೆಯುವ ಹಂಗಾಮಿನಲ್ಲಿ, ಚೀಲ ಸುರಿದು ರಾಶಿ ಬೇರೆ, ಬೆಟ್ಟೆ ಬೇರೆ ಎಂದು ವಿಂಗಡಿಸುವ ಗೋದಾಮಿನ ಪಕ್ಕದಲ್ಲಿಯೇ ಸರ್ವರಿನ ಕೋಣೆ ಇದ್ದರೆ, ಸಿಪ್ಪೆಯ ನಯವಾದ ನಾರು ಸಪ್ಲೈಯ ಫ್ಯಾನಿಗೆ ಹತ್ತಿಯ ಹಾಗೆ ಸುತ್ತಿಕೊಳ್ಳುತ್ತದೆ. ನಾನು ಹೇಳಿದ ಸಂಘದಲ್ಲಿ ಮೊದಲು ಸತ್ತ ಪೆಟ್ಟಿಗೆಯಲ್ಲಿ ಇದ್ದದ್ದು ಅದೇ. ಪಲ್ಪಿಂಗ್ ಮನೆಯ ಪಕ್ಕದಲ್ಲಿ ಕಚೇರಿ ಇಟ್ಟುಕೊಂಡ ಕಾಫಿಯವರಿಗೆ ದೂಳಿನ ಬದಲು ತೇವ ಕಾಡುತ್ತದೆ. ತುಕ್ಕು ಹಿಡಿದ ಪಿನ್ನುಗಳನ್ನು ಅವರು ನೋಡಿಕೊಳ್ಳಬೇಕು.

ಅರ್ಥಿಂಗ್ ಬಗ್ಗೆಯೂ ಒಂದು ಮಾತು. ನಮ್ಮದು ಮಳೆ ಕಡಿಮೆ ಇರುವ ನೆಲ. ಇದ್ದಲು, ಉಪ್ಪು ತುಂಬಿ ಹೂಳಿದ ಗುಂಡಿ ಬೇಸಿಗೆಯಲ್ಲಿ ಪೂರ್ತಿ ಒಣಗಿ ಕೆಲಸಕ್ಕೆ ಬಾರದಂತಾಗುತ್ತದೆ. ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯಿಸಬೇಕು. ನ್ಯೂಟ್ರಲಿಗೂ ಅರ್ಥಿಗೂ ನಡುವೆ ಮೀಟರ್ ಹಿಡಿದರೆ ಎರಡು ಮೂರು ವೋಲ್ಟಿನ ಒಳಗೆ ತೋರಿಸಬೇಕು. ಹತ್ತು ಇಪ್ಪತ್ತು ತೋರಿಸಿದರೆ ಬಲ್ಲ ಎಲೆಕ್ಟ್ರಿಷಿಯನ್ನನ್ನು ಕರೆಸತಕ್ಕದ್ದು.

ಹೋದ ಕರೆಂಟಿಗಿಂತ ತಿರುಗಿ ಬರುವ ಕರೆಂಟು ಹೆಚ್ಚು ಹಾನಿ ಮಾಡುತ್ತದೆ ಎಂಬುದು ಮೋಟಾರು ಸುಟ್ಟುಕೊಂಡವರಿಗೆಲ್ಲ ಗೊತ್ತು. 2017ರ ಮೇ ತಿಂಗಳಲ್ಲಿ ಬ್ರಿಟಿಷ್ ಏರ್‌ವೇಸ್ ಕಂಪನಿಯ ಲಂಡನ್ನಿನ ಗಣಕ ಕೇಂದ್ರದಲ್ಲಿ ವಿದ್ಯುತ್ತು ಕಡಿದು, ಕ್ರಮವಿಲ್ಲದೆ ಮತ್ತೆ ಕೊಟ್ಟಾಗ ಯಂತ್ರಗಳು ಕೆಟ್ಟು ಸುಮಾರು 75,000 ಪ್ರಯಾಣಿಕರು ವಿಮಾನವಿಲ್ಲದೆ ಕುಳಿತರು. ಆದುದರಿಂದ ಎಲ್ಲ ನಿಂತುಹೋದ ದಿನ, ಕರೆಂಟು ಬಂದ ಕೂಡಲೆ ಸ್ವಿಚ್ಚು ಒತ್ತದೆ, ಐದು ಹತ್ತು ನಿಮಿಷ ವೋಲ್ಟು ನಿಂತದ್ದನ್ನು ನೋಡಿ, ಮೊದಲು ಯುಪಿಎಸ್, ಆಮೇಲೆ ಸರ್ವರ್, ಕಡೆಗೆ ಗುಮಾಸ್ತರ ಯಂತ್ರಗಳನ್ನು ಹಚ್ಚಬೇಕು.

ಸಿಡಿಲು ಬಡಿದರೆ ಎರಡು ಸಪ್ಲೈ ಇದ್ದರೂ ಎರಡೂ ಹೋಗುತ್ತವೆ. ಲೆಕ್ಕದ ಪ್ರತಿಯನ್ನು ದಿನವೂ ಬೇರೆ ಕಟ್ಟಡದಲ್ಲಿ ಇಡುವ ಕೆಲಸವನ್ನು ಇವು ತಪ್ಪಿಸುವುದಿಲ್ಲ.

ಕಡೆಯದಾಗಿ, ಮೂರು ತಿಂಗಳಿಗೊಮ್ಮೆ ಮಾಡಬೇಕಾದ ಪರೀಕ್ಷೆ. ಶನಿವಾರ ಸಂಜೆ ಲೆಕ್ಕದ ಪ್ರತಿ ತೆಗೆದ ಮೇಲೆ, ಎರಡೂ ದೀಪ ಹಸಿರಾಗಿರುವುದನ್ನು ನೋಡಿ, ಕೆಂಪು ಟೇಪಿನ ವೈರನ್ನು ಗೋಡೆಯ ಕಡೆಯಿಂದ ಕೀಳಿ. ಯಂತ್ರ ನಡೆಯುತ್ತಿರಬೇಕು. ಐದು ನಿಮಿಷದ ನಂತರ ತಿರುಗಿ ಹಾಕಿ, ಹಸಿರು ಬರುವವರೆಗೆ ಕಾದು, ಆಮೇಲೆ ನೀಲಿ ಟೇಪಿನದು. ತಾರೀಖು, ಮಾಡಿದವರ ಸಹಿ, ಯುಪಿಎಸ್ ತೋರಿಸಿದ ಶೇಕಡಾ ಲೆಕ್ಕ ಒಂದು ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕವನ್ನು ಆಡಳಿತ ಮಂಡಳಿಯ ಸಭೆಯಲ್ಲಿ ನಗದು ಪುಸ್ತಕದ ಜೊತೆಗೆ ಮೇಜಿನ ಮೇಲೆ ಇಡಲು ಕೇಳುವ ಹಕ್ಕು ನಿರ್ದೇಶಕರಿಗಿದೆ. ಮೇಲೆ ಹೇಳಿದ ಸಂಘದಲ್ಲಿ ಈಗ ಸರ್ವರಿನ ಹಿಂದೆ ಗೋಡೆಗೆ ಎಂಟಾಣೆ ಅಗಲದ ಕನ್ನಡಿಯೊಂದನ್ನು ಅಂಟಿಸಿದ್ದಾರೆ. ಗುಮಾಸ್ತರು ಕುರ್ಚಿಯಿಂದ ಏಳದೆ ಎರಡೂ ದೀಪಗಳನ್ನು ಅದರಲ್ಲಿ ನೋಡುತ್ತಾರೆ.